ಥೇಮ್ಸ್ ನದಿಯ ನೆರೆಯಲ್ಲಿ ನಿಂತಿರುವ ಮಗಳ ದೋಣಿ: ಜನವರಿಯಲ್ಲಿ ನಾವು ಹೋಗಿ ಸೇರಬಹುದೇ?

ಪ್ರಶ್ನೆ: ಪಯಸ್ವಿನಿ ತೀರದ ಕೃಷಿಕ, ಮುಳ್ಳೇರಿಯ

ಮಾನ್ಯರೇ,

ನನ್ನ ಮಗಳು ಮತ್ತು ಅಳಿಯ ಇಂಗ್ಲೆಂಡಿನಲ್ಲಿದ್ದಾರೆ. ಕಳೆದ ಬೇಸಗೆಯಲ್ಲಿ ಅವರು ಹಳೆಯ ನ್ಯಾರೋಬೋಟ್ ಒಂದನ್ನು ಕೊಂಡರು. ಉದ್ದ 57 ಅಡಿ, ಅಗಲ ಏಳು ಅಡಿಗೂ ಕಡಿಮೆ, ಮೈಯೆಲ್ಲ ಉಕ್ಕು. ಒಳಗೆ ಅಡುಗೆಕಟ್ಟೆ, ಮಂಚ, ಬಚ್ಚಲು, ಚಳಿಗೆ ಕಲ್ಲಿದ್ದಲು ಉರಿಸುವ ಒಲೆ ಎಲ್ಲವೂ ಇವೆ. ಇಬ್ಬರದ್ದೂ ಕಂಪ್ಯೂಟರಿನಲ್ಲಿ ಎಲ್ಲಿಂದ ಬೇಕಾದರೂ ಮಾಡಬಹುದಾದ ಕೆಲಸವಾದ್ದರಿಂದ, ಲಂಡನ್ ಬಳಿಯಿಂದ ಥೇಮ್ಸ್ ನದಿಯಲ್ಲಿ ಮೇಲ್ಮುಖವಾಗಿ ಆಕ್ಸ್‌ಫರ್ಡಿಗೆ ಹೋಗಿ, ಅಲ್ಲಿಂದ ಆಕ್ಸ್‌ಫರ್ಡ್ ಕಾಲುವೆಯನ್ನು ಹಿಡಿದು, ಕೊನೆಗೆ ಗ್ರ್ಯಾಂಡ್ ಯೂನಿಯನ್ ಕಾಲುವೆಯ ಮೂಲಕ ಲಂಡನಿಗೆ ಮರಳುವ ಸುಮಾರು 250 ಮೈಲಿಗಳ ಸುತ್ತನ್ನು ನಿಧಾನವಾಗಿ ಮುಗಿಸುವುದು ಅವರ ಯೋಜನೆಯಾಗಿತ್ತು.

ಈಗ ಡಿಸೆಂಬರ್. ಅವರ ದೋಣಿ ಆಬಿಂಗ್ಡನ್ ಎಂಬ ಊರಿನಲ್ಲಿ, ಅಲ್ಲಿನ ಲಾಕಿನ ಕೆಳಬದಿಯಲ್ಲಿ ಕಟ್ಟಿಕೊಂಡು ನಿಂತಿದೆ. ಲಾಕ್ ಎಂದರೆ ದೋಣಿಯನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡು ಕಡೆಯೂ ಬಾಗಿಲಿರುವ ಕೋಣೆ. ಹರಿವು ಬಲವಾಗಿದೆ, ದೋಣಿ ಹೊರಡಿಸಬೇಡಿ ಎಂದು ಲಾಕುಗಳಲ್ಲೆಲ್ಲ ಕೆಂಪು ಫಲಕ ಹಾಕಿದ್ದಾರೆ. ಕಾಲುವೆ ಸೇರಲು ಇನ್ನು ಒಂಬತ್ತು ಹತ್ತು ಮೈಲಿ, ನಾಲ್ಕು ಲಾಕುಗಳಷ್ಟೇ ಉಳಿದಿವೆಯಂತೆ. ನಾನೂ ನನ್ನ ಮನೆಯವಳೂ ಜನವರಿ ನಡುವಿನಲ್ಲಿ ಅವರನ್ನು ಸೇರಿ, ತಿಂಗಳ ಕಾಲ ದೋಣಿಯಲ್ಲೇ ಇರುವುದೆಂದು ಟಿಕೆಟ್ ಮಾಡಿಯಾಗಿದೆ.

ನಮ್ಮ ತೋಟ ಪಯಸ್ವಿನಿಯ ಬದಿಯಲ್ಲಿದೆ. ಆಟಿ ತಿಂಗಳಲ್ಲಿ ಘಟ್ಟದಲ್ಲಿ ಮಳೆ ಸುರಿದರೆ ರಾತ್ರಿ ಬೆಳಗಾಗುವುದರೊಳಗೆ ಅಡಿಕೆ ಮರದ ಬುಡಕ್ಕೆ ಕೆಂಪು ನೀರು ಬರುತ್ತದೆ. ಮಳೆ ಬಿಟ್ಟ ಎರಡನೆಯ ದಿನ ನೋಡಿದರೆ ಕೆಸರು, ಕಸ ಮತ್ತು ತೇಲಿ ಬಂದ ತೆಂಗಿನಕಾಯಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಲ್ಲಿ ಮಾತ್ರ ಮಳೆ ನಿಂತು ವಾರವಾದರೂ ನೀರು ಇಳಿದಿಲ್ಲ, ಇನ್ನೂ ಎರಡು ಮೂರು ವಾರ ಬೇಕಾಗಬಹುದು ಎಂದು ಮಗಳು ಹೇಳುತ್ತಾಳೆ. ಇದು ನಿಜವೇ, ಅಥವಾ ನಾವು ಗಾಬರಿಯಾಗಬಾರದೆಂದು ಏನನ್ನಾದರೂ ಮುಚ್ಚಿಡುತ್ತಿದ್ದಾಳೆಯೇ? ನೆರೆಯ ನಡುವೆ ದೋಣಿಯೊಳಗೆ ಮಲಗುವುದು ಕ್ಷೇಮವೇ? ಮನೆಯವಳಿಗೆ ಗಂಟುನೋವು ಬೇರೆ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್, ವಿದ್ಯಾನಗರ

ತಮ್ಮ ಮಗಳು ಏನನ್ನೂ ಮುಚ್ಚಿಡುತ್ತಿಲ್ಲ. ನಮ್ಮ ಹೊಳೆಗಳನ್ನು ನೋಡಿ ಬೆಳೆದವರಿಗೆ ಆ ನದಿಯ ನಡೆ ವಿಚಿತ್ರವಾಗಿ ಕಾಣುವುದು ಸಹಜ.

ಕಾಸರಗೋಡು ಜಿಲ್ಲೆಯ ಹನ್ನೆರಡು ಹೊಳೆಗಳಲ್ಲಿ ಉದ್ದವಾದ, ತಮ್ಮ ಪಯಸ್ವಿನಿ ಕೂಡುವ ಚಂದ್ರಗಿರಿಯೇ 105 ಕಿಲೋಮೀಟರ್. ಕೊಡಗಿನ ಘಟ್ಟದ ನೆತ್ತಿಯಲ್ಲಿ ಬಿದ್ದ ನೀರು ಅಷ್ಟೇ ದೂರದಲ್ಲಿ ಸಮುದ್ರ ಮುಟ್ಟಬೇಕು. ಆದ್ದರಿಂದ ಅದು ಧುಮ್ಮಿಕ್ಕಿ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಥೇಮ್ಸ್ ನದಿಯ ಉದ್ದ 346 ಕಿಲೋಮೀಟರ್, ಆದರೆ ಅದರ ಮೂಲ ಸಮುದ್ರ ಮಟ್ಟದಿಂದ ಸುಮಾರು 110 ಮೀಟರ್ ಎತ್ತರದಲ್ಲಷ್ಟೇ ಇದೆ. ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಎತ್ತರದ ಗುಡ್ಡಗಳ ಮೇಲೆ ಜನ ಮನೆ ಕಟ್ಟಿಕೊಂಡಿದ್ದಾರೆ. ಅಷ್ಟು ಚಪ್ಪಟೆಯಾದ ಕಣಿವೆಯಲ್ಲಿ ದಡ ಮೀರಿದ ನೀರು ಬಯಲಿಗೆ ಹರಡಿ, ಅಲ್ಲೇ ನಿಂತು, ಸ್ವಲ್ಪಸ್ವಲ್ಪವಾಗಿಯೇ ನದಿಗೆ ಮರಳುತ್ತದೆ.

ಎರಡನೆಯ ಕಾರಣ ನೆಲದಡಿಯ ಕಲ್ಲು. ಆಕ್ಸ್‌ಫರ್ಡಿನಲ್ಲಿ ವರ್ಷವಿಡೀ ಬೀಳುವ ಮಳೆ ಏಳುನೂರು ಮಿಲಿಮೀಟರಿನೊಳಗೆ. ನಮ್ಮಲ್ಲಿ ಜುಲೈ ಒಂದೇ ತಿಂಗಳು ಅದನ್ನು ಮೀರಿಸುತ್ತದೆ. ಹಾಗಿದ್ದೂ ಅಲ್ಲಿ ನೆರೆ ಬರುವುದೇಕೆಂದರೆ, ಚಳಿಗಾಲದಲ್ಲಿ ನೀರು ಆವಿಯಾಗುವುದು ಇಲ್ಲವೆನ್ನುವಷ್ಟು ಕಡಿಮೆ, ಗಿಡಮರಗಳೂ ಹೀರುವುದಿಲ್ಲ. ಅಕ್ಟೋಬರಿನಿಂದ ಬಿದ್ದ ಮಳೆಯೆಲ್ಲ ಮಣ್ಣಿನಲ್ಲೇ ಉಳಿದು, ಒಂದು ಹಂತದ ನಂತರ ಸಣ್ಣ ಮಳೆಯೂ ನೇರವಾಗಿ ನದಿಗೇ ಇಳಿಯುತ್ತದೆ. ಜೊತೆಗೆ ಆ ಜಲಾನಯನದ ಬಹುಭಾಗ ಸೀಮೆಸುಣ್ಣದ ಕಲ್ಲು ಮತ್ತು ಸುಣ್ಣಕಲ್ಲು. ಅವು ನೀರನ್ನು ತುಂಬಿಕೊಂಡು, ಮಳೆ ನಿಂತ ಮೇಲೂ ವಾರಗಟ್ಟಲೆ ಒಸರುತ್ತಲೇ ಇರುತ್ತವೆ. 2013-14ರ ಚಳಿಗಾಲದಲ್ಲಿ ಒಂದರ ಹಿಂದೆ ಒಂದು ಚಂಡಮಾರುತ ಬಂದಾಗ, ಡಿಸೆಂಬರಿನಲ್ಲಿ ಏರಿದ ಥೇಮ್ಸ್ ಫೆಬ್ರವರಿಯವರೆಗೂ ಇಳಿಯದೆ ಕೆಳದಂಡೆಯ ಮನೆಗಳಿಗೆ ನುಗ್ಗಿತ್ತು. 2024ರ ಜನವರಿಯಲ್ಲಿ ಹೆಂಕ್ ಎಂಬ ಬಿರುಗಾಳಿಯ ಮಳೆಗೂ ಇದೇ ಕಥೆ. ಬೇಸಗೆಯಲ್ಲಿ ಬರುವುದೇ ಇಲ್ಲವೆಂದಲ್ಲ, 2007ರ ಜುಲೈಯಲ್ಲಿ ದೊಡ್ಡ ನೆರೆ ಬಂದದ್ದುಂಟು. ಆದರೆ ಅದು ಅಪರೂಪ.

ಲಾಕುಗಳ ಪಕ್ಕದಲ್ಲಿ ನದಿಗೆ ಅಡ್ಡಲಾಗಿ ಕಟ್ಟೆಗಳಿರುವಾಗ ನೀರನ್ನು ಹಿಡಿದಿಡಬಹುದಲ್ಲ ಎಂದು ತಮಗೆ ಅನ್ನಿಸಬಹುದು. ನಮ್ಮ ಎಣ್ಮಕಜೆ, ಬೆಳ್ಳೂರು ಕಡೆ ತೋಟಕ್ಕೆ ನೀರು ನಿಲ್ಲಿಸಲು ಹೊಳೆಗೆ ಹಾಕುವ ಕಟ್ಟಗಳಂತೆಯೇ ಅವೂ ಬೇಸಗೆಯ ನೀರಿಗೆ ಮಾಡಿದವು. ಮಳೆಗಾಲಕ್ಕೆ ಮುಂಚೆ ನಾವು ಹಲಗೆ ತೆಗೆಯುವ ಹಾಗೆ, ನೆರೆ ಬಂದಾಗ ಅವರು ಕಟ್ಟೆಯ ಬಾಗಿಲುಗಳನ್ನೆಲ್ಲ ಎತ್ತಿಬಿಡುತ್ತಾರೆ. ಆಗ ನದಿಯ ಅರ್ಧಕ್ಕಿಂತ ಹೆಚ್ಚು ಬಲ ಆ ತೆರಪಿನ ಕಡೆಗೇ ಎಳೆಯುತ್ತದೆ. ಎಂಜಿನ್ ಕೆಟ್ಟ ದೋಣಿಯೊಂದು ಆ ಸೆಳೆತಕ್ಕೆ ಸಿಕ್ಕರೆ ಉಳಿಯುವುದು ಕಷ್ಟ.

ಅಲ್ಲಿನ ಪರಿಸರ ಇಲಾಖೆಯಾದ ಎನ್ವಿರಾನ್‌ಮೆಂಟ್ ಏಜೆನ್ಸಿಯು ಪ್ರತಿ ಲಾಕಿನ ಮೇಲ್ಬದಿ ಮತ್ತು ಕೆಳಬದಿಯ ನೀರಿನ ಮಟ್ಟವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ತಾವು ಮುಳ್ಳೇರಿಯದಲ್ಲೇ ಕುಳಿತು ನೋಡಬಹುದು. ಆಬಿಂಗ್ಡನ್ನಿನ ಅಂಕಿಯೊಂದನ್ನೇ ನೋಡುತ್ತ ಕೂರಬೇಡಿ. ಆಕ್ಸ್‌ಫರ್ಡಿಗೆ ಮೇಲೆ ಸೇರುವ ವಿಂಡ್‌ರಶ್ ಮತ್ತು ಈವನ್‌ಲೋಡ್, ಆಕ್ಸ್‌ಫರ್ಡಿನಲ್ಲೇ ಸೇರುವ ಚರ್‌ವೆಲ್, ಈ ಉಪನದಿಗಳು ಇಳಿಯಲು ಆರಂಭಿಸಿದ ಮೇಲೆಯೇ ಕೆಳಗಿನ ನೀರು ಇಳಿಯುತ್ತದೆ.

ಉತ್ತರ: ಕುಂಬಳೆಯವಳು, ಹಿಂದೆ ರೆಡಿಂಗ್ ವಾಸಿ

ಅಣ್ಣಾ, ಎಂಜಿನಿಯರ್ ಮಾವ ನದಿಯ ವಿಷಯವನ್ನು ಹೇಳಿದ್ದಾರೆ. ನಾನು ದೋಣಿಯೊಳಗಿನ ವಿಷಯ ಹೇಳುತ್ತೇನೆ. ನಾನೂ ನನ್ನ ಯಜಮಾನರೂ ರೆಡಿಂಗಿನ ಬಳಿ, ಥೇಮ್ಸ್ ನದಿಗೆ ಕೆನೆಟ್ ಸೇರುವ ಭಾಗದಲ್ಲಿ, ಇಂಥದೇ ದೋಣಿಯಲ್ಲಿ ಕೆಲವು ಚಳಿಗಾಲಗಳನ್ನು ಕಳೆದವರು.

ಮೊದಲು ಫಲಕಗಳ ಅರ್ಥ ತಿಳಿದುಕೊಳ್ಳಿ. ನದಿಯ ಹರಿವು ಜೋರಾಗುತ್ತಿದ್ದರೆ ಹಳದಿ ಫಲಕದಲ್ಲಿ ಹರಿವು ಏರುತ್ತಿದೆ ಎಂದು ಹಾಕುತ್ತಾರೆ. ಆಗ ಹುಟ್ಟು ಹಾಕುವ ದೋಣಿಗಳು ನೀರಿಗೆ ಇಳಿಯಬಾರದು, ಎಂಜಿನ್ ದೋಣಿಗಳು ಹತ್ತಿರದ ಭದ್ರವಾದ ಕಟ್ಟುದಾಣ ಹುಡುಕಿಕೊಳ್ಳಬೇಕು. ಹರಿವು ಬಲವಾದ ಮೇಲೆ ಕೆಂಪು ಫಲಕ. ಆಗ ಯಾವ ದೋಣಿಯೂ ಹೊರಡಬಾರದೆಂಬುದು ಸಲಹೆ. ಇಳಿಯುವಾಗ ಮತ್ತೆ ಹಳದಿ, ಹರಿವು ಇಳಿಯುತ್ತಿದೆ ಎಂದು. ನಿಮ್ಮ ಮಗಳು ಅಳಿಯ ಆಬಿಂಗ್ಡನ್ನಿನಲ್ಲಿ ನಿಂತದ್ದು ಅವರ ಪುಣ್ಯವೆಂದೇ ಹೇಳಬೇಕು. ಹೊಲದ ನಡುವೆ, ರಸ್ತೆಯಿಂದ ದೂರದಲ್ಲಿ ಕಟ್ಟಿದವರ ಪಾಡು ಬೇರೆ. ನದಿದಂಡೆಯ ಕಾಲುದಾರಿ ಮುಳುಗಿದರೆ ಅವರಿಗೆ ಹಾಲು ತರುವುದೂ ಸಾಹಸ. ಆಬಿಂಗ್ಡನ್ನಿನಲ್ಲಿ ಕೈಗೆಟಕುವಷ್ಟು ದೂರದಲ್ಲಿ ಅಂಗಡಿ, ವೈದ್ಯರು, ಆಕ್ಸ್‌ಫರ್ಡಿಗೆ ಬಸ್ಸು ಎಲ್ಲ ಇದೆ. ಎಷ್ಟು ದಿನ ಕಾಯಬೇಕು ಎಂಬುದು ನಮ್ಮ ಕೈಯಲ್ಲಿಲ್ಲದ ವಿಷಯ, ಎಲ್ಲಿ ಕಾಯುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ಅವರು ಚೆನ್ನಾಗಿಯೇ ಮಾಡಿದ್ದಾರೆ.

ಇನ್ನು ಒಳಗೆ ಬದುಕುವ ಬಗೆ. ಜನವರಿ ಆರಂಭದಲ್ಲಿ ಅಲ್ಲಿ ಬೆಳಕಾಗುವುದು ಎಂಟು ಗಂಟೆಯ ನಂತರ, ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲೆ. ಸೌರಫಲಕದಿಂದ ಏನೂ ಬರುವುದಿಲ್ಲ. ಬ್ಯಾಟರಿ ತುಂಬಲು ದಿನಕ್ಕೆ ಕೆಲವು ಗಂಟೆ ಎಂಜಿನ್ ಓಡಿಸಬೇಕು, ಅದೂ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ನೆರೆಹೊರೆಯವರ ನಿದ್ರೆ ಕೆಡಿಸುವಂತಿಲ್ಲ. ಕುಡಿಯುವ ನೀರಿನ ತೊಟ್ಟಿ ತುಂಬಲು, ಶೌಚದ ಪೆಟ್ಟಿಗೆ ಬರಿದು ಮಾಡಲು ಸಾಮಾನ್ಯ ದಿನಗಳಲ್ಲಿ ದೋಣಿಯನ್ನೇ ಆ ಜಾಗಕ್ಕೆ ಒಯ್ಯುತ್ತೇವೆ; ನೆರೆಯಲ್ಲಿ ಕ್ಯಾನು ಹೊತ್ತು, ಕೈಗಾಡಿ ತಳ್ಳಿ ಮಾಡಬೇಕು. ಇಬ್ಬರಿರುವಲ್ಲಿ ನಾಲ್ವರಾದರೆ ಈ ಕೆಲಸ ದುಪ್ಪಟ್ಟಾಗುತ್ತದೆ. ಆ ಅಗಲದ ದೋಣಿಯಲ್ಲಿ ಒಬ್ಬರು ದೋಸೆ ಹುಯ್ಯುತ್ತಿದ್ದರೆ ಇನ್ನೊಬ್ಬರು ದಾಟಿಹೋಗಲು ಒಲೆ ಆರಿಸಬೇಕಾಗುತ್ತದೆ ಎಂಬುದು ನಮ್ಮ ಮನೆಯ ಹಳೆಯ ತಮಾಷೆ.

ಒಂದು ವಿಷಯ ಮಾತ್ರ ತಮಾಷೆಯದ್ದಲ್ಲ. ಚಳಿ, ಮಳೆ, ಗಾಳಿ ಎಂದು ದೋಣಿಯ ಗಾಳಿಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚುವವರಿದ್ದಾರೆ. ಒಳಗೆ ಕಲ್ಲಿದ್ದಲು ಒಲೆ ಉರಿಯುತ್ತಿರುವಾಗ ಹಾಗೆ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ನದಿಯ ನೀರಿಗಿಂತ ನಾನು ಹೆದರುವುದು ಇದಕ್ಕೆ. ಅದನ್ನು ಪತ್ತೆ ಮಾಡಿ ಕೂಗುವ ಅಲಾರಂ ಒಲೆಯಿರುವ ಕೋಣೆಯಲ್ಲೂ ಮಲಗುವ ಕಡೆಯೂ ಇದೆಯೇ, ಅದರ ಬ್ಯಾಟರಿ ಸರಿಯಾಗಿದೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳಿ. ಹೊಗೆಯ ಅಲಾರಂ ಬೇರೆ, ಇದು ಬೇರೆ.

ಅತ್ತಿಗೆಯವರ ಗಂಟುನೋವಿನ ಮಾತು. ದೋಣಿಗೆ ಇಳಿಯುವ ಮೆಟ್ಟಿಲು ಕಡಿದಾಗಿರುತ್ತದೆ, ಇಳಿದ ಮೇಲೂ ಎತ್ತರ ಕಡಿಮೆ. ನೆರೆಯಲ್ಲಿ ದೋಣಿ ದಡಕ್ಕಿಂತ ಮೇಲೆ ನಿಂತಿರುತ್ತದೆ, ದಡ ನೀರಿನಡಿ ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ, ಜಾರುವ ಹಲಗೆಯೊಂದರ ಮೇಲೆ ನಡೆದು ಬರಬೇಕು. ನನ್ನ ಸಲಹೆ: ಟಿಕೆಟ್ ಮುಂದೂಡಲು ಆಗದಿದ್ದರೆ ಆಬಿಂಗ್ಡನ್ನಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು, ಹಗಲು ಹೊತ್ತು ಮಾತ್ರ ದೋಣಿಗೆ ಹೋಗಿಬನ್ನಿ. ಮುಂದೂಡಲು ಆಗುವುದಾದರೆ ಮುಂದೂಡಿ. ಸಂದರ್ಶಕ ವೀಸಾ ಸಾಮಾನ್ಯವಾಗಿ ಆರು ತಿಂಗಳಿನದ್ದಾದ್ದರಿಂದ, ಅದರ ಮುಕ್ತಾಯದ ತಾರೀಖು ನೋಡಿಕೊಂಡರೆ ಸಾಕು.

ಉತ್ತರ: ಉದುಮದ ಹಳೆಯ ನಾವಿಕ

ನಾನು ಸರಕು ಹಡಗುಗಳಲ್ಲಿ ದುಡಿದು ನಿವೃತ್ತನಾದವನು. ನಮ್ಮ ಉದುಮ, ಪಾಲಕುನ್ನು, ಕೋಟಿಕುಳಂ ಕಡೆ ಮನೆಗೊಬ್ಬರು ಹಡಗಿನವರಿದ್ದಾರೆ, ಆದ್ದರಿಂದ ಇದು ದೊಡ್ಡ ವಿಷಯವಲ್ಲ. ಯುರೋಪಿನ ನದೀಬಂದರುಗಳಲ್ಲಿ ನೆರೆ ಇಳಿಯಲೆಂದು ಕಾದು ನಿಂತ ಅನುಭವವಿದೆ. ರೈನ್ ನದಿಯಲ್ಲಿ ಕಲೋನ್ ನಗರದ ಅಳತೆಗಂಬದಲ್ಲಿ ನೀರು 6.20 ಮೀಟರ್ ಮುಟ್ಟಿದರೆ ಹಡಗುಗಳು ನಿಧಾನಕ್ಕೆ, ನಡುನೀರಿನಲ್ಲೇ ಹೋಗಬೇಕು, 8.30 ಮುಟ್ಟಿದರೆ ಸಂಚಾರವೇ ಬಂದ್. ಅಲ್ಲಿ ಯಾರೂ ವಾದಿಸುವುದಿಲ್ಲ. ಥೇಮ್ಸಿನ ಕೆಂಪು ಫಲಕವನ್ನೂ ಹಾಗೆಯೇ ನೋಡುವುದು ಒಳ್ಳೆಯದು.

ಹಗ್ಗದ ವಿಷಯ ಬರೆಯುತ್ತೇನೆ, ಅಳಿಯಂದಿರಿಗೆ ಓದಿಹೇಳಿ. ನೀರು ಏರುವಾಗ ಬಿಗಿಯಾಗಿ ಕಟ್ಟಿದ ದೋಣಿ ಮೇಲಕ್ಕೇಳಲಾಗದೆ ದಡದ ಕಡೆಗೆ ವಾಲುತ್ತದೆ. ಸಡಿಲ ಬಿಟ್ಟರೆ ಹರಿವಿಗೆ ಹಿಂದೆಮುಂದೆ ಜಗ್ಗಿ ಗೂಟವನ್ನೇ ಕೀಳುತ್ತದೆ. ಇದಕ್ಕೆ ಮದ್ದು ಉದ್ದ ಹಗ್ಗ. ಮೂತಿಯಿಂದ ಮುಂದಕ್ಕೆ ದೂರದಲ್ಲಿ ಒಂದು, ಹಿಂಭಾಗದಿಂದ ಹಿಂದಕ್ಕೆ ದೂರದಲ್ಲಿ ಒಂದು, ನಡುವಿನಿಂದ ಓರೆಯಾಗಿ ಎರಡು. ಹಗ್ಗ ಉದ್ದವಿದ್ದಷ್ಟೂ ನೀರು ಅಡಿಯಷ್ಟು ಏರಿದರೂ ಬಿಗಿತದಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ನೆನೆದ ಮಣ್ಣಿನಲ್ಲಿ ಕಬ್ಬಿಣದ ಗೂಟವನ್ನು ನಂಬಬಾರದು. ಕಲ್ಲುಕಟ್ಟೆಯ ಬಳೆ, ಉಕ್ಕಿನ ಕಂಬ, ಬೇರು ಗಟ್ಟಿಯಿರುವ ಮರ, ಇವುಗಳಿಗೆ ಕಟ್ಟಬೇಕು. ಹಗ್ಗದ ತುದಿಯನ್ನು ಬಳೆಯೊಳಗಿಂದ ಹಾಯಿಸಿ ದೋಣಿಗೇ ತಂದು ಕಟ್ಟಿದರೆ ದಡಕ್ಕೆ ಇಳಿಯದೆ ಬಿಚ್ಚಬಹುದು. ಎಳೆತವಿದ್ದಾಗ ಬಿಗಿದು ಸಿಕ್ಕಿಕೊಳ್ಳುವ ಗಂಟು ಹಾಕಬಾರದು, ಭಾರವಿದ್ದಾಗಲೂ ಬಿಚ್ಚಲು ಬರುವ ಸುತ್ತು ಹಾಕಬೇಕು.

ನೀರು ಏರುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಇಳಿಯುವಾಗಲೇ ದೋಣಿ ಕಳೆದುಕೊಳ್ಳುವುದು. ದಡ ಮುಳುಗಿರುವಾಗ ಗಾಳಿಗೆ ದೋಣಿ ಮೆಲ್ಲನೆ ದಡದ ಮೇಲಕ್ಕೇ ತೇಲಿ ಬಂದಿರುತ್ತದೆ, ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಮಟ್ಟ ಇಳಿದರೆ ಒಂದು ಬದಿ ಹುಲ್ಲಿನ ಮೇಲೆ ಕುಳಿತು, ಇನ್ನೊಂದು ಬದಿ ನೀರಿಗೆ ಜಾರುತ್ತದೆ, ಬಚ್ಚಲಿನ ನೀರು ಹೊರಹೋಗುವ ತೂತುಗಳು ಮುಳುಗಿ ನೀರು ಒಳಗೆ ಬರುತ್ತದೆ. ಆದ್ದರಿಂದ ದೋಣಿಗೂ ದಡಕ್ಕೂ ನಡುವೆ ಎರಡು ಉದ್ದನೆಯ ಗಳಗಳನ್ನು ನೆಲಕ್ಕೆ ನೆಟ್ಟು, ದೋಣಿ ಅವುಗಳಿಗೆ ಒರಗಿ ನಿಲ್ಲುವಂತೆ ಮಾಡಬೇಕು. ದಡದ ಅಂಚು ಎಲ್ಲಿದೆಯೆಂದು ಕೋಲು ಚುಚ್ಚಿ ಗುರುತಿಟ್ಟುಕೊಳ್ಳಬೇಕು. ನೀರು ಇಳಿಯುವ ದಿನಗಳಲ್ಲಿ ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎದ್ದು ನೋಡಬೇಕು, ದೋಣಿಯನ್ನು ಖಾಲಿ ಬಿಟ್ಟು ಊರು ನೋಡಲು ಹೋಗಬಾರದು. ಮೂತಿಗೆ ಮರದ ಕೊಂಬೆ ಬಂದು ಸಿಕ್ಕಿದರೆ ಸಣ್ಣದಿರುವಾಗಲೇ ಕೋಲಿನಿಂದ ತಳ್ಳಬೇಕು. ಅದರ ಹಿಂದೆ ಇನ್ನಷ್ಟು ಕಸ ಸೇರಿ ಗೋಡೆಯಾದ ಮೇಲೆ ಹಗ್ಗ ತಡೆಯುವುದಿಲ್ಲ. ಹೊರಗೆ ಕಾಲಿಡುವಾಗ ಜೀವರಕ್ಷಕ ಜಾಕೆಟ್ ಹಾಕಿರಬೇಕೆಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಜನವರಿಯ ಆ ನೀರಿನಲ್ಲಿ ಈಜು ಬಲ್ಲವನ ಕೈಕಾಲೂ ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತವೆ.

ಮರುಪ್ರಶ್ನೆ: ಪಯಸ್ವಿನಿ ತೀರದ ಕೃಷಿಕ, ಮುಳ್ಳೇರಿಯ

ಎಲ್ಲರಿಗೂ ಕೃತಜ್ಞತೆಗಳು. ಕೇಳಿದ ಮೇಲೆ ತಿಳಿಯಿತು, ಅಲಾರಂ ಒಂದೇ ಇದೆಯಂತೆ. ನಾಳೆಯೇ ಇನ್ನೊಂದನ್ನು ತರುವುದಾಗಿ ಹೇಳಿದ್ದಾಳೆ. ಹಗ್ಗದ ಭಾಗವನ್ನು ಅಳಿಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಗಳ ನೆಟ್ಟಿರಲಿಲ್ಲ, ಈಗ ನೆಡುತ್ತಾರಂತೆ.

ಆದರೆ ಅವನದ್ದೊಂದು ಆಲೋಚನೆ ನನಗೆ ಸರಿಕಾಣುವುದಿಲ್ಲ. ಇಷ್ಟು ಹತ್ತಿರ ಬಂದು ಕಾಯುವುದಕ್ಕಿಂತ, ಫಲಕ ಕೆಂಪಿನಿಂದ ಹಳದಿಗೆ ತಿರುಗಿದ ದಿನವೇ ಹೊರಟು ಆಕ್ಸ್‌ಫರ್ಡ್ ಕಾಲುವೆಯನ್ನು ಸೇರಿಬಿಡೋಣ, ಕಾಲುವೆಯಲ್ಲಿ ನೆರೆಯ ತೊಂದರೆ ಇಲ್ಲ ಎನ್ನುತ್ತಾನೆ. ಮಾವನ ಮಾತನ್ನು ಅಳಿಯ ಕೇಳುವುದು ಎಲ್ಲ ಕಡೆ ಕಷ್ಟವೇ. ತಿಳಿದವರು ಹೇಳಿದ್ದೆಂದರೆ ಕೇಳಿಯಾನು.

ಉತ್ತರ: ಉದುಮದ ಹಳೆಯ ನಾವಿಕ

ಅಳಿಯಂದಿರಿಗೆ ಲೆಕ್ಕದಲ್ಲೇ ಹೇಳಿ. ಆ ಅಳತೆಯ ಉಕ್ಕಿನ ದೋಣಿಯ ತೂಕ ಹದಿನೈದು ಟನ್ನಿಗೆ ಕಡಿಮೆಯಿರುವುದಿಲ್ಲ, ನಿಂತ ನೀರಿನಲ್ಲಿ ಅದರ ವೇಗ ಗಂಟೆಗೆ ನಾಲ್ಕೈದು ಮೈಲಿ. ಎದುರು ಹರಿವು ಗಂಟೆಗೆ ಮೂರು ಮೈಲಿ ಇದ್ದರೆ ಎಂಜಿನ್ ಪೂರ್ತಿ ಕೂಗಿದರೂ ಮನುಷ್ಯ ನಡೆಯುವ ವೇಗವೂ ದಕ್ಕುವುದಿಲ್ಲ. ಸೇತುವೆಯ ಕಮಾನಿನಡಿ ನೀರು ಇಕ್ಕಟ್ಟಿನಲ್ಲಿ ನುಗ್ಗುವುದರಿಂದ ಅಲ್ಲಿ ಹರಿವು ಇನ್ನೂ ಜೋರು. ಆ ದಾರಿಯಲ್ಲಿ ಆಕ್ಸ್‌ಫರ್ಡಿನ ಫಾಲಿ ಸೇತುವೆ ಅಂಥದ್ದು. ಅದನ್ನು ದಾಟಿದರೆ ಆಸ್ನಿ ಸೇತುವೆ. ಸಾಮಾನ್ಯ ಮಟ್ಟದಲ್ಲೇ ಅದರಡಿ ಏಳೂವರೆ ಅಡಿ ಎತ್ತರವಷ್ಟೇ ಇರುವುದು, ನೀರು ಏರಿದಷ್ಟು ಅದು ಕುಗ್ಗುತ್ತದೆ. ಕಾಲುವೆಗೆ ತಿರುಗುವ ದಾರಿ ಆ ಸೇತುವೆಯ ಆಚೆಗಿದೆ. ಅರ್ಧ ದಾರಿಯಲ್ಲಿ ಆಗುವುದಿಲ್ಲವೆಂದು ಗೊತ್ತಾದರೆ 57 ಅಡಿಯ ದೋಣಿಯನ್ನು ಆ ಹರಿವಿನಲ್ಲಿ ಅಡ್ಡ ತಿರುಗಿಸಲು ಯಾರಿಂದಲೂ ಆಗದು. ವಿಮೆಯ ಪತ್ರವನ್ನೂ ಓದಲಿ. ಎಚ್ಚರಿಕೆಯ ಫಲಕ ಇರುವಾಗ ಹೊರಟರೆ ನಷ್ಟ ಯಾರ ಮೇಲೆ ಎಂಬುದು ಅದರಲ್ಲಿ ಇರುತ್ತದೆ.

ಉತ್ತರ: ಕುಂಬಳೆಯವಳು, ಹಿಂದೆ ರೆಡಿಂಗ್ ವಾಸಿ

ಕಾಲುವೆಯಲ್ಲಿ ನೆರೆಯಿಲ್ಲ ಎಂಬ ಮಾತು ಆಕ್ಸ್‌ಫರ್ಡ್ ಕಾಲುವೆಯ ಮಟ್ಟಿಗೆ ಪೂರ್ತಿ ನಿಜವಲ್ಲ ಅಣ್ಣಾ. ಆಕ್ಸ್‌ಫರ್ಡಿನಿಂದ ಕೆಲವು ಮೈಲಿ ಉತ್ತರಕ್ಕೆ, ಶಿಪ್ಟನ್ ವಿಯರ್ ಲಾಕಿನಿಂದ ಬೇಕರ್ಸ್ ಲಾಕಿನವರೆಗೆ ಸುಮಾರು ಒಂದು ಮೈಲಿ ಆ ಕಾಲುವೆ ಚರ್‌ವೆಲ್ ನದಿಯೊಳಗೇ ಹೋಗುತ್ತದೆ. ಚರ್‌ವೆಲ್ ಉಕ್ಕಿದ್ದರೆ ಆ ತುಂಡೂ ಬಂದ್. ಅದಲ್ಲದೆ ನವೆಂಬರಿನಿಂದ ಮಾರ್ಚಿನವರೆಗೆ ಕಾಲುವೆಗಳ ಲಾಕುಗಳನ್ನು ಸರದಿಯಂತೆ ಬಂದ್ ಮಾಡಿ ಬಾಗಿಲು ದುರಸ್ತಿ ಮಾಡುತ್ತಾರೆ. ಆತುರಪಟ್ಟು ಆಕ್ಸ್‌ಫರ್ಡ್ ಸೇರಿದರೂ ಮುಂದೆ ಇನ್ನೊಂದು ಬಾಗಿಲಿನೆದುರು ಕಾಯುವುದೇ ಆದೀತು. ಯಾವ ಲಾಕು ಯಾವಾಗ ಬಂದ್ ಎಂಬ ಪಟ್ಟಿಯನ್ನು ಕಾಲುವೆ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಮುಂಚಿತವಾಗಿಯೇ ಪ್ರಕಟಿಸುತ್ತದೆ.

ಒಂದೇ ಕಡೆ ಬಹಳ ದಿನ ನಿಂತರೆ ಯಾರಾದರೂ ಎಬ್ಬಿಸುತ್ತಾರೆಂಬ ಭಯ ಅವರಿಗಿದ್ದರೆ, ಲಾಕ್ ಕಾಯುವವರಿಗೆ ಒಂದು ಮಾತು ಹೇಳಿಡಲಿ. ನೆರೆಯಲ್ಲಿ ನಿಂತವರನ್ನು ಹೊರಡಿ ಎನ್ನುವ ರೂಢಿ ನಾನು ಕಂಡಿಲ್ಲ.

ಉತ್ತರ: ಮನೆದೋಣಿಯ ಲೆಕ್ಕ ಬರೆಯುವವ, ನೀಲೇಶ್ವರ

ನಾನು ಕೋಟ್ಟಪ್ಪುರಂ ಕಡವಿನಲ್ಲಿ ಪ್ರವಾಸಿಗಳ ಮನೆದೋಣಿಗಳ ಲೆಕ್ಕ ನೋಡುತ್ತೇನೆ. ತೇಜಸ್ವಿನಿ ಹೊಳೆ ತುಂಬಿ ಬಂದಾಗ, ಕಲೆಕ್ಟರು ದೋಣಿ ನಿಲ್ಲಿಸಿ ಎಂದಾಗ, ನಾವು ವಲಿಯಪರಂಬದ ಕಡೆ ಹೋಗುವುದಿಲ್ಲ. ನಮಗೊಂದು ಅನುಕೂಲವಿದೆ: ದಿನಕ್ಕೆರಡು ಸಲ ಸಮುದ್ರ ಇಳಿಯುತ್ತದೆ, ಆಗ ಅಳಿವೆಯಿಂದ ನೆರೆನೀರು ಹೊರಗೆ ಹೋಗುತ್ತದೆ. ಥೇಮ್ಸಿನಲ್ಲಿ ಭರತ ಇಳಿತ ಟೆಡಿಂಗ್ಟನ್ ಎಂಬಲ್ಲಿಗೇ ಮುಗಿಯುತ್ತದಂತೆ, ಆಬಿಂಗ್ಡನ್ನಿಗೆ ಆ ಸಹಾಯ ತಲಪುವುದಿಲ್ಲ.

ನಾನು ಕಂಡದ್ದೇನೆಂದರೆ, ದೋಣಿಯವರ ಮೇಲೆ ಒತ್ತಡ ಬೀಳುವುದು ಯಾವಾಗಲೂ ಬರುವ ನೆಂಟರ ತಾರೀಖಿನಿಂದ. ನಾಳೆ ಅತಿಥಿಗಳು ಬರುತ್ತಾರೆ, ಇವತ್ತು ಹೇಗಾದರೂ ಅಲ್ಲಿಗೆ ತಲಪಬೇಕು ಎಂದು ಹೊರಡುವ ದೋಣಿಯೇ ತೊಂದರೆಗೆ ಸಿಕ್ಕುವುದು. ತಮ್ಮ ಅಳಿಯನ ಆತುರಕ್ಕೂ ತಮ್ಮ ಜನವರಿಯ ಟಿಕೆಟ್ಟೇ ಕಾರಣವಿರಬಹುದು, ಬೇಸರಿಸಬೇಡಿ. ಅತ್ತೆ ಮಾವ ಬರುವಾಗ ದೋಣಿ ಚಂದದ ಕಾಲುವೆಯಲ್ಲಿರಬೇಕೆಂದು ಯಾವ ಅಳಿಯನಿಗೂ ಅನ್ನಿಸುತ್ತದೆ. ನೀವು ಬರುವ ದಿನ ಮುಂದೆ ಹೋಯಿತೆಂದು ಹೇಳಿ ನೋಡಿ.

ಪ್ರತಿಕ್ರಿಯೆ: ಪಯಸ್ವಿನಿ ತೀರದ ಕೃಷಿಕ, ಮುಳ್ಳೇರಿಯ

ನೀಲೇಶ್ವರದವರು ಬರೆದದ್ದು ನನಗೆ ಹೊಳೆದೇ ಇರಲಿಲ್ಲ. ಮಗಳನ್ನು ಕೇಳಿದಾಗ ಹೌದೆಂದಳು. ಟಿಕೆಟನ್ನು ಏಪ್ರಿಲ್ ಎರಡನೆಯ ವಾರಕ್ಕೆ ಬದಲಿಸಿದೆವು. ಸ್ವಲ್ಪ ಹೆಚ್ಚಿನ ಹಣ ಹೋಯಿತು, ಆದರೆ ಜನವರಿಯಲ್ಲಿ ಅಡಿಕೆ ಕೊಯ್ಲಿನ ನಡುವೆ ತೋಟ ಬಿಟ್ಟು ಹೋಗುವ ತಲೆಬಿಸಿಯೂ ತಪ್ಪಿತು. ಜೂನಿನಲ್ಲಿ ಅಡಿಕೆಗೆ ಮೊದಲ ಮದ್ದು ಬಿಡುವ ಹೊತ್ತಿಗೆ ಊರಿನಲ್ಲಿರಬೇಕು, ಅಷ್ಟೇ. ಅಳಿಯ ಈಗ ನೀರು ಸಾಮಾನ್ಯ ಮಟ್ಟಕ್ಕೆ ಬಂದು ಫಲಕಗಳನ್ನೆಲ್ಲ ತೆಗೆದ ಮೇಲೆಯೇ ಹೊರಡುವುದೆಂದು ಒಪ್ಪಿದ್ದಾನೆ. ಹೊರಡುವ ಮುಂಚೆ ನೋಡಿಕೊಳ್ಳಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಉದುಮದ ಹಳೆಯ ನಾವಿಕ

ಇದೆ. ಇಷ್ಟು ದಿನ ಉಜ್ಜಿದ ಹಗ್ಗಗಳನ್ನು ಬೆಳಕಿನಲ್ಲಿ ಬಿಡಿಸಿ ನೋಡಿ, ಎಳೆ ಹರಿದದ್ದನ್ನು ಎಸೆಯಲಿ. ದೋಣಿಯ ಅಡಿಗಟ್ಟಿನಲ್ಲಿ ನೀರು ನಿಂತಿದೆಯೇ ನೋಡಲಿ. ನೆರೆಯಲ್ಲಿ ತೇಲಿ ಬಂದ ಪ್ಲಾಸ್ಟಿಕ್, ಬಟ್ಟೆ, ತಂತಿ ಪ್ರೊಪೆಲ್ಲರಿಗೆ ಸುತ್ತಿಕೊಂಡಿರುವುದು ಸಾಮಾನ್ಯ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಹಿಂಭಾಗದಲ್ಲಿ ಪ್ರೊಪೆಲ್ಲರಿನ ನೇರಕ್ಕೆ ಇರುವ ಪೆಟ್ಟಿಗೆಯ ಮುಚ್ಚಳ ತೆರೆದು ಕೈಯಿಂದ ಬಿಡಿಸಬೇಕು. ಆ ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುಪಿ ಕೂರಿಸಿದ ಮೇಲೆಯೇ ಎಂಜಿನ್ ಶುರು ಮಾಡಬೇಕು. ಸಡಿಲವಿದ್ದರೆ ಪ್ರೊಪೆಲ್ಲರ್ ತಿರುಗಿದಾಗ ನೀರು ಅಲ್ಲಿಂದಲೇ ಒಳಗೆ ಚಿಮ್ಮುತ್ತದೆ. ಚೆನ್ನಾಗಿರುವ ದೋಣಿಗಳು ಮುಳುಗಿದ್ದು ಹೀಗೆಯೇ.